ಲೆಕ್ಕದಲ್ಲಿ 6.9 ಓಮ್, ಮೀಟರಿನಲ್ಲಿ 0.8 ಓಮ್: ಯಾವುದನ್ನು ನಂಬಬೇಕು?

ಪ್ರಶ್ನೆ: 12 ವೋಲ್ಟಿನ ಫಿಲಮೆಂಟ್ ಬಲ್ಬ್ ಉರಿಸಿ ಅಳೆದೆ. ಬಲ್ಬಿನ ಎರಡು ತುದಿಗಳ ನಡುವೆ ಸರಿಯಾಗಿ 12 ವೋಲ್ಟ್ ಇತ್ತು, ಕರೆಂಟ್ 1.75 ಆಂಪಿಯರ್ ಇತ್ತು. ಭಾಗಿಸಿದಾಗ ರೋಧ ಸುಮಾರು 6.9 ಓಮ್ ಬಂತು. ಆಮೇಲೆ ಬಲ್ಬ್ ಬಿಚ್ಚಿ ಮಲ್ಟಿಮೀಟರ್ ಹಿಡಿದರೆ ಬರೀ 0.8 ಓಮ್ ತೋರಿಸುತ್ತಿದೆ. ನನ್ನ ಲೆಕ್ಕ ತಪ್ಪೋ, ಮೀಟರ್ ಕೆಟ್ಟಿದೆಯೋ?

ಉತ್ತರ: ಲೆಕ್ಕವೂ ಸರಿ, ಮೀಟರೂ ಸರಿ. ಬಲ್ಬ್ ಒಂದೇ, ಆದರೆ ಒಮ್ಮೆ ಉರಿಯುವಾಗ ಅಳೆದಿದ್ದೀರಿ, ಇನ್ನೊಮ್ಮೆ ತಣ್ಣಗಿದ್ದಾಗ.

ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ ಸಿಗುತ್ತದೆ, ಎರಡನ್ನೂ ಗುಣಿಸಿದರೆ ಪವರ್ ಸಿಗುತ್ತದೆ. 12 ÷ 1.75 = 6.86 ಓಮ್, 12 × 1.75 = 21 ವ್ಯಾಟ್. ಇದರಲ್ಲಿ ಏನೂ ತಪ್ಪಿಲ್ಲ.

ಬದಲಾಗಿದ್ದು ಬಲ್ಬಿನೊಳಗಿನ ಟಂಗ್‌ಸ್ಟನ್ ತಂತಿ. ಉರಿಯುವಾಗ ಅದರ ಬಿಸಿ 2,000 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಲೋಹ ಕಾದಷ್ಟೂ ಅದರ ಪರಮಾಣುಗಳು ಜಾಸ್ತಿ ಅಲುಗಾಡುತ್ತವೆ, ಎಲೆಕ್ಟ್ರಾನುಗಳು ಮುಂದೆ ಸಾಗುವುದು ಕಷ್ಟವಾಗುತ್ತದೆ, ಅಂದರೆ ರೋಧ ಏರುತ್ತದೆ. ಇಂಥ ಬಲ್ಬಿನಲ್ಲಿ ಬಿಸಿ ರೋಧ ತಣ್ಣನೆಯ ರೋಧದ ಹತ್ತು ಪಟ್ಟಿಗಿಂತ ಹೆಚ್ಚಿರುವುದು ಮಾಮೂಲಿ. ನಿಮ್ಮ 0.8ರಲ್ಲಿ ಮೀಟರಿನ ವೈರುಗಳ ರೋಧವೂ ಸೇರಿಕೊಂಡಿದೆ, ಅದನ್ನು ಮರೆಯಬೇಡಿ. ಎರಡು ಪ್ರೋಬ್‌ಗಳ ತುದಿ ಒಂದಕ್ಕೊಂದು ಮುಟ್ಟಿಸಿ ನೋಡಿ. 0.3 ತೋರಿಸಿದರೆ ಅದನ್ನು ಕಳೆಯಿರಿ, ಬಲ್ಬಿನ ಪಾಲು 0.5 ಓಮ್ ಅಷ್ಟೇ.

ಈ 0.5 ಹಿಡಿದುಕೊಂಡು ಪವರ್ ಲೆಕ್ಕ ಹಾಕಲು ಹೋದರೆ ಏನಾಗುತ್ತದೆ ನೋಡಿ. ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸಿದರೂ ಪವರ್ ಬರಬೇಕು ಅಲ್ವಾ? 144 ÷ 0.5 = 288 ವ್ಯಾಟ್! 21 ವ್ಯಾಟಿನ ಬಲ್ಬಿಗೆ ಇದು ಅಸಾಧ್ಯದ ಮಾತು. ಸೂತ್ರ ಸುಳ್ಳಲ್ಲ, ಉರಿಯುವ ಬಲ್ಬಿನ ವೋಲ್ಟೇಜಿಗೆ ತಣ್ಣನೆಯ ಬಲ್ಬಿನ ರೋಧ ಜೋಡಿಸಿದ್ದು ತಪ್ಪು. ವೋಲ್ಟೇಜ್, ಕರೆಂಟ್, ರೋಧ ಮೂರೂ ಒಂದೇ ವಸ್ತುವಿನದ್ದು, ಒಂದೇ ಹೊತ್ತಿನದ್ದು ಆಗಿರಬೇಕು. ನನಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಗೊಂದಲ ಇಲ್ಲೇ ಹುಟ್ಟುತ್ತದೆ.

ಹಾಗಂತ 0.5 ಕೆಲಸಕ್ಕೆ ಬಾರದ ಅಂಕಿಯೂ ಅಲ್ಲ. ಸ್ವಿಚ್ ಹಾಕಿದ ಆ ಕ್ಷಣದಲ್ಲಿ ತಂತಿ ಇನ್ನೂ ತಣ್ಣಗಿರುತ್ತದೆ, ಆಗ ಕರೆಂಟ್ 12 ÷ 0.5 = 24 ಆಂಪಿಯರ್‌ವರೆಗೂ ಹಾರಬಹುದು. ವೈರು ಮತ್ತು ಬ್ಯಾಟರಿಯ ರೋಧದಿಂದ ಸ್ವಲ್ಪ ಕಡಿಮೆಯಾದೀತು, ಆದರೂ ದೊಡ್ಡ ಏಟು. ಹಳೆಯ ಫಿಲಮೆಂಟ್ ಬಲ್ಬುಗಳು ಉರಿಯುತ್ತಿರುವಾಗ ಹೋಗುವುದಕ್ಕಿಂತ ಸ್ವಿಚ್ ಹಾಕಿದಾಗಲೇ ಪಟ್ ಅಂತ ಹೋಗುವುದು ಹೆಚ್ಚು, ಅದಕ್ಕೆ ಇದೇ ಕಾರಣ.

ಸಾಧ್ಯವಾದರೆ ಅದೇ ಬಲ್ಬಿಗೆ 6 ವೋಲ್ಟ್ ಕೊಟ್ಟು ನೋಡಿ. ವೋಲ್ಟೇಜ್ ಅರ್ಧವಾದರೆ ಕರೆಂಟೂ ಅರ್ಧ, ಅಂದರೆ 0.875 ಆಂಪಿಯರ್ ಆಗಬೇಕಿತ್ತು ಅನ್ನಿಸುತ್ತದೆ. ಮೀಟರಿನಲ್ಲಿ ಸುಮಾರು 1.2 ಕಾಣಿಸುತ್ತದೆ. ತಂತಿ ಅಷ್ಟು ಕಾದಿಲ್ಲ, ರೋಧ 5 ಓಮಿನ ಹತ್ತಿರಕ್ಕೆ ಇಳಿದಿದೆ. ಜಾರ್ಜ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮಕ್ಕೆ ಇದರಿಂದ ಧಕ್ಕೆ ಇಲ್ಲ, ಏಕೆಂದರೆ ತಾಪಮಾನ ಬದಲಾಗದಿದ್ದರೆ ಎಂಬ ಷರತ್ತು ಆ ನಿಯಮದ ಭಾಗವೇ. ಶಾಲೆಯಲ್ಲಿ ಆ ಸಾಲನ್ನು ಬಾಯಿಪಾಠ ಮಾಡಿ ಮುಂದೆ ಹೋಗಿಬಿಡುತ್ತೇವೆ. ಹೀಟರುಗಳಲ್ಲಿರುವ ನೈಕ್ರೋಮ್ ತಂತಿಯಲ್ಲಿ ಈ ತಲೆನೋವು ಕಡಿಮೆ, ಕೆಂಪಗೆ ಕಾದರೂ ಅದರ ರೋಧ ಸ್ವಲ್ಪವೇ ಏರುತ್ತದೆ.

ಒಂದು ಎಚ್ಚರಿಕೆ. ರೋಧ ಅಳೆಯುವಾಗ ಸಪ್ಲೈ ಪೂರ್ತಿ ಬಿಚ್ಚಿರಬೇಕು. ಮೀಟರನ್ನು ಆಂಪಿಯರ್‌ಗೆ ಇಟ್ಟು ನೇರವಾಗಿ ಬ್ಯಾಟರಿಯ ಎರಡು ತುದಿಗೆ ಯಾವತ್ತೂ ಹಿಡಿಯಬೇಡಿ, ಅದು ಶಾರ್ಟ್ ಸರ್ಕ್ಯೂಟ್ ಮಾಡಿದ ಹಾಗೆ.

ಪ್ರಶ್ನೆ: 9 ವೋಲ್ಟ್ ಬ್ಯಾಟರಿಗೆ ಒಂದು ಎಲ್‌ಇಡಿ ಹಾಕಬೇಕು. ಅದಕ್ಕೆ 2 ವೋಲ್ಟ್, 20 ಮಿಲಿಆಂಪಿಯರ್ ಬೇಕು. ರೆಸಿಸ್ಟರ್ 9 ÷ 20 = 0.45 ಓಮ್ ಸಾಕಾ?

ಉತ್ತರ: ದಯವಿಟ್ಟು ಅದನ್ನು ಹಾಕಬೇಡಿ, ಎಲ್‌ಇಡಿ ಸುಟ್ಟುಹೋಗುತ್ತದೆ. 20 ಮಿಲಿಆಂಪಿಯರ್ ಅಂದರೆ 0.02 ಆಂಪಿಯರ್, ಮೊದಲು ಅದನ್ನು ಬದಲಿಸಿಕೊಳ್ಳಿ. ಆಮೇಲೆ ರೆಸಿಸ್ಟರಿಗೆ ಸಿಗುವುದು ಪೂರ್ತಿ 9 ವೋಲ್ಟ್ ಅಲ್ಲ, ಎಲ್‌ಇಡಿ ತನ್ನ 2 ವೋಲ್ಟ್ ತೆಗೆದುಕೊಂಡ ಮೇಲೆ ಉಳಿಯುವ 7. ಹಾಗಾಗಿ 7 ÷ 0.02 = 350 ಓಮ್. ಅಂಗಡಿಯಲ್ಲಿ ಸಿಗುವ 330 ಅಥವಾ 390 ಯಾವುದಾದರೂ ನಡೆಯುತ್ತದೆ, ನಾನಾದರೆ 390 ಹಾಕುತ್ತೇನೆ, ಬೆಳಕು ಒಂಚೂರು ಕಡಿಮೆಯಾದರೂ ಎಲ್‌ಇಡಿ ಹೆಚ್ಚು ದಿನ ಬರುತ್ತದೆ. ರೆಸಿಸ್ಟರಿನಲ್ಲಿ ಬಿಸಿಯಾಗುವ ಪವರ್ 7 × 0.02 = 0.14 ವ್ಯಾಟ್. ಕಾಲು ವ್ಯಾಟಿನ ರೆಸಿಸ್ಟರ್ ಸಾಕು.

ಪ್ರಶ್ನೆ: ಎಸಿ ಮೋಟಾರಿಗೂ ವೋಲ್ಟೇಜ್ ಗುಣಿಸು ಕರೆಂಟ್ ಅಂದರೆ ವ್ಯಾಟ್ ತಾನೆ?

ಉತ್ತರ: ಅಲ್ಲ. 230 ವೋಲ್ಟಿನಲ್ಲಿ 2 ಆಂಪಿಯರ್ ಎಳೆದರೆ ಗುಣಲಬ್ಧ 460, ಆದರೆ ಅದು ವೋಲ್ಟ್-ಆಂಪಿಯರ್. ಮೋಟಾರಿನ ಸುರುಳಿಯಿಂದಾಗಿ ಕರೆಂಟ್ ವೋಲ್ಟೇಜಿಗಿಂತ ಸ್ವಲ್ಪ ಹಿಂದೆ ಬೀಳುತ್ತದೆ. ಹಾಗಾಗಿ ಆ ಗುಣಲಬ್ಧದಲ್ಲಿ ಒಂದು ಪಾಲು ಮಾತ್ರ ನಿಜವಾದ ಪವರ್, ಆ ಪಾಲನ್ನೇ ಪವರ್ ಫ್ಯಾಕ್ಟರ್ ಅನ್ನುತ್ತಾರೆ. ಅದು 0.7 ಇದ್ದರೆ ನಿಜವಾದ ಪವರ್ 460 × 0.7 = 322 ವ್ಯಾಟ್. ಪವರ್ ಫ್ಯಾಕ್ಟರ್ ಎಷ್ಟೆಂದು ಸಾಮಾನ್ಯವಾಗಿ ಮೋಟಾರಿನ ನೇಮ್ ಪ್ಲೇಟ್ ಮೇಲೆ ಬರೆದಿರುತ್ತದೆ. ಇಲ್ಲಿ 230 ÷ 2 ಮಾಡಿ ಸಿಗುವ 115 ಓಮ್ ಕೂಡ ಬರೀ ತಂತಿಯ ರೋಧವಲ್ಲ, ಅದರಲ್ಲಿ ಸುರುಳಿಯ ಅಡ್ಡಿಯೂ ಸೇರಿರುತ್ತದೆ. ಮೀಟರ್ ಹಿಡಿದು ನೋಡಿದರೆ ಅದಕ್ಕಿಂತ ಕಡಿಮೆಯೇ ತೋರಿಸುತ್ತದೆ, ಆಗ ಮೋಟಾರ್ ಸುಟ್ಟಿದೆ ಅಂತ ಗಾಬರಿಯಾಗಬೇಡಿ.