ಬೋಧಕನಾಗುವ ಉದ್ದೇಶವಿಲ್ಲದ ಸ್ಕೂಬಾ ಡೈವರ್‌ಗೆ ರೆಸ್ಕ್ಯೂ ತರಬೇತಿ (ಅಪಾಯಕ್ಕೆ ಸಿಕ್ಕ ಡೈವರನ್ನು ಕಾಪಾಡುವ ತರಬೇತಿ) ಅಗತ್ಯವೇ? ಡೈವಿಂಗ್ ತರಬೇತಿ ಸಂಸ್ಥೆಗಳಲ್ಲಿ ಪ್ಯಾಡಿ ಒಳ್ಳೆಯದೋ, ಎಸ್‌ಎಸ್‌ಐ ಒಳ್ಳೆಯದೋ?

ಏಳೆಂಟು ಡೈವ್ ಮುಗಿಸಿದ್ದ ಕಾಲದಲ್ಲಿ ನಾನೂ ಇದು ಬೋಧಕರಾಗುವವರಿಗಷ್ಟೇ ಎಂದು ಲೆಕ್ಕ ಹಾಕಿ, ಅಷ್ಟು ಹಣ ದಂಡವೆಂದು ಸುಮ್ಮನಾಗಿದ್ದೆ. ಆ ಲೆಕ್ಕ ತಪ್ಪಿದ್ದು ನೇತ್ರಾಣಿ ದ್ವೀಪದ ಬಳಿ, 16 ಮೀಟರ್ ಆಳದಲ್ಲಿ.

ಮುರುಡೇಶ್ವರದಿಂದ ಹೊರಟ ದೋಣಿ ವಿಪರೀತ ಹೊಯ್ದಾಡುತ್ತಿದ್ದುದರಿಂದ ನನಗೆ ವಾಕರಿಕೆ ಬಂದು, ಬೇಗ ನೀರಿಗಿಳಿದರೆ ಸಾಕಾಗಿತ್ತು. ಸಿಲಿಂಡರಿನ ವಾಲ್ವನ್ನು ನಾನು ಪೂರ್ತಿ ತೆರೆದಿದ್ದೆ. ದೋಣಿಯ ಸಹಾಯಕನೊಬ್ಬ ಅದು ಮುಚ್ಚಿದೆಯೆಂದು ಭಾವಿಸಿ, ತೆರೆಯುತ್ತಿದ್ದೇನೆಂಬ ನಂಬಿಕೆಯಲ್ಲೇ ಮುಚ್ಚುವ ದಿಕ್ಕಿಗೆ ಕೊನೆಯವರೆಗೆ ತಿರುಗಿಸಿ, ವಾಡಿಕೆಯಂತೆ ಕಾಲು ಸುತ್ತು ಹಿಂದಕ್ಕೆ ತಂದನೆಂದು ಆಮೇಲೆ ತಿಳಿಯಿತು. ಅವನನ್ನು ದೂರುವುದಿಲ್ಲ, ತಪ್ಪು ನನ್ನದು. ಸಿಲಿಂಡರಿನ ಒತ್ತಡ ತೋರಿಸುವ ಗೇಜಿನ ಮುಳ್ಳು 200 ಬಾರ್ ತೋರಿಸುತ್ತಿತ್ತು, ನಾನು ಸರಿ ಎಂದೆ. ಆದರೆ ಉಸಿರೆಳೆಯದೆ ನೋಡಿದ್ದೆ.

ಇದನ್ನು ಬಿಡಿಸಿ ಹೇಳಲೇಬೇಕು. ವಾಲ್ವ್ ತುಸುವೇ ತೆರೆದಿದ್ದರೂ ಗೇಜಿನ ಕೊಳವೆಯಲ್ಲಿ ಸಿಲಿಂಡರಿನ ಪೂರ್ಣ ಒತ್ತಡ ತುಂಬಿಕೊಳ್ಳುವುದರಿಂದ, ಗಾಳಿ ಹರಿಯದಿರುವಾಗ ಮುಳ್ಳು ಸುಳ್ಳು ಭರವಸೆ ಕೊಡುತ್ತದೆ. ರೆಗ್ಯುಲೇಟರನ್ನು ಬಾಯಿಗಿಟ್ಟು ನಾಲ್ಕು ಸಲ ಜೋರಾಗಿ ಉಸಿರೆಳೆದಾಗ ಮುಳ್ಳು ಕುಸಿದು ಮತ್ತೆ ಏರಿದರೆ ವಾಲ್ವ್ ಪೂರ್ತಿ ತೆರೆದಿಲ್ಲವೆಂದೇ ಅರ್ಥ. ನೀರಿನ ಮೇಲೆ ವಾಲ್ವಿನ ಆ ಕಿರಿದಾದ ತೆರಪೂ ಸಾಕಾಗುತ್ತದೆ. 16 ಮೀಟರಿನಲ್ಲಿ ಒತ್ತಡ 2.6 ಬಾರ್ ಇರುವುದರಿಂದ ಪ್ರತಿ ಉಸಿರಿಗೂ 2.6 ಪಟ್ಟು ಗಾಳಿ ಬೇಕು, ಅದು ಅಲ್ಲಿಂದ ಹರಿಯುವುದಿಲ್ಲ.

ಕೆಳಗೆ ಉಸಿರು ಬಿಗಿಯಿತು. ಎಳೆದಾಗಲೆಲ್ಲ ಮುಳ್ಳು 170ರಿಂದ ಸೊನ್ನೆಯತ್ತ ಬಿದ್ದು ಮೇಲೇಳುತ್ತಿತ್ತು. ಐದು ಮೀಟರ್ ಆಚೆ ಬಂಡೆಯ ಸಂದಿಯಲ್ಲಿ ಇಣುಕುತ್ತಿದ್ದ ಗೆಳೆಯನ ಬಳಿ ಹೆಚ್ಚುವರಿ ರೆಗ್ಯುಲೇಟರ್ ಇದೆಯೆಂಬುದೇ ಹೊಳೆಯದೆ, ಉಸಿರು ಹಿಡಿದು ಮೇಲಕ್ಕೆ ಧಾವಿಸಿದೆ. ಹಿಗ್ಗಿದ ಗಾಳಿ ಶ್ವಾಸಕೋಶವನ್ನು ಗಾಯಗೊಳಿಸಿತು. ಕಫದಲ್ಲಿ ರಕ್ತ, ದೋಣಿಯಲ್ಲಿ ಆಮ್ಲಜನಕ, ಎರಡು ದಿನ ಆಸ್ಪತ್ರೆ, ಒಂದು ವರ್ಷ ನೀರಿಗಿಳಿಯುವಂತಿಲ್ಲ ಎಂಬ ವೈದ್ಯರ ಕಟ್ಟಪ್ಪಣೆ.

ಆ ಗಡುವು ಮುಗಿದ ಮೇಲೆ ಅಂಡಮಾನಿನ ಹ್ಯಾವ್‌ಲಾಕ್‌ನಲ್ಲಿ ರೆಸ್ಕ್ಯೂ ತರಬೇತಿ ಮಾಡಿದೆ. ಗಾಬರಿಗೊಂಡವನು ನೀರಿನ ಮೇಲೆ ನಮ್ಮನ್ನೇ ಏಣಿ ಮಾಡಿಕೊಳ್ಳುತ್ತಾನಾದ್ದರಿಂದ ಮೊದಲು ನಮ್ಮ ಬಿಸಿಡಿಗೆ (ತೇಲಲು ನೆರವಾಗುವ ಜಾಕೆಟ್) ಗಾಳಿ ತುಂಬಿಕೊಂಡು ಅವನ ಕೈಗೆಟುಕದಷ್ಟು ದೂರ ನಿಲ್ಲುವುದನ್ನೂ, ಪ್ರಜ್ಞೆ ತಪ್ಪಿದವನನ್ನು ಎಳೆದು ತರುತ್ತಲೇ ಐದು ಸೆಕೆಂಡಿಗೊಮ್ಮೆ ಉಸಿರು ಕೊಡುವುದನ್ನೂ ಅಲ್ಲಿ ಕಲಿತೆ (ಮೊದಲ ದಿನ ಎಣಿಕೆ ತಪ್ಪಿ ನಾನೇ ಉಪ್ಪುನೀರು ಕುಡಿದೆ). ಎಲ್ಲಕ್ಕಿಂತ ಉಪಯೋಗವಾದದ್ದು ನನ್ನ ಗಾಬರಿ ಶುರುವಾಗುವ ಕ್ಷಣವನ್ನು ಗುರುತಿಸಿ, ನಿಂತು, ಉಸಿರಾಡಿ, ಯೋಚಿಸಿ, ಆಮೇಲೆ ಕೈಯಾಡಿಸುವ ಅಭ್ಯಾಸ.

ಆದ್ದರಿಂದ ಇದು ಬೋಧಕರಾಗುವವರ ಮೆಟ್ಟಿಲೆಂಬ ನಿಮ್ಮ ಎಣಿಕೆಯನ್ನೇ ನಾನು ಒಪ್ಪುವುದಿಲ್ಲ. ಪ್ಯಾಡಿಯೋ ಎಸ್‌ಎಸ್‌ಐಯೋ ಎಂಬುದು ಗೌಣ. ಈಜುಕೊಳದಲ್ಲೇ ಮುಗಿಸಿ ಪ್ರಮಾಣಪತ್ರದ ಕಾರ್ಡ್ ಕೊಡುವ ಬೋಧಕರು ಮಾತ್ರ ಬೇಡ. ಇಪ್ಪತ್ತು ಡೈವ್ ಆಗುವವರೆಗೆ ಕಾಯಿರಿ, ಪ್ರಥಮ ಚಿಕಿತ್ಸೆ ಮತ್ತು ಸಿಪಿಆರ್ ಅನ್ನು ಈಗಲೇ ಕಲಿಯಿರಿ. ನಿಮ್ಮ ವಾಲ್ವನ್ನು ಬೇರೆ ಯಾರಾದರೂ ಮುಟ್ಟಿದರೆ, ನೀರಿಗೆ ಧುಮುಕುವ ಮುನ್ನ ಉಸಿರೆಳೆಯುತ್ತಲೇ ಮುಳ್ಳನ್ನು ಇನ್ನೊಮ್ಮೆ ನೋಡಿ.