ವಿಜಯನಗರದಿಂದ ಮ್ಯೂನಿಕ್‌ಗೆ ಹೊರಟಿರುವ ತಂಗಿಗೆ

ನೀವು ಕೇಳಿದ್ದು ಇಷ್ಟು: ಬೆಂಗಳೂರಿನಲ್ಲಿ ಎಂಟು ವರ್ಷ ದುಡಿದರೂ ಟೀಮ್ ಲೀಡ್ ದಾಟಲು ಆಗಲಿಲ್ಲ, ಮ್ಯೂನಿಕ್‌ನಲ್ಲಾದರೂ ಮ್ಯಾನೇಜರ್ ಆಗಬಹುದಾ ಅಕ್ಕಾ? ಆಗಬಹುದು. ಆದರೆ ಇಲ್ಲಿ ಕಾಲಿಗೆ ತೊಡರುವ ಕಲ್ಲೇ ಬೇರೆ.

2009ರಲ್ಲಿ ನಾನು ಬನ್ನೇರುಘಟ್ಟ ರಸ್ತೆಯ ಒಂದು ಕಂಪನಿಯಲ್ಲಿದ್ದೆ. ಆನ್‌ಸೈಟ್‌ಗೆ, ಅಂದರೆ ವಿದೇಶದ ಕ್ಲೈಂಟ್ ಹತ್ತಿರ ಹೋಗಿ ಕೆಲಸ ಮಾಡಲು, ನನ್ನ ಹೆಸರು ಪಕ್ಕಾ ಆಗಿತ್ತು. ಅಷ್ಟರಲ್ಲಿ ಮದುವೆ ಗೊತ್ತಾಯಿತು. ಲಗ್ನಪತ್ರಿಕೆ ಕೊಡಲು ಹೋದರೆ ಮ್ಯಾನೇಜರ್ ನಗುನಗುತ್ತಾ, "ಹಾಗಾದ್ರೆ ಆನ್‌ಸೈಟ್ ತೊಂದರೆ ನಿಮಗೆ ಬೇಡ ಬಿಡಿ" ಅಂದರು. ನನ್ನನ್ನು ಕೇಳಲೇ ಇಲ್ಲ. ಕೇಡು ಬಯಸಿ ಹೇಳಿದ್ದೂ ಅಲ್ಲ, ಜಗಳ ಆಡುವುದಾದರೂ ಹೇಗೆ? ನನಗಿಂತ ಎರಡು ವರ್ಷ ಜೂನಿಯರ್ ಹುಡುಗ ಹೋದ. ಬಂದಮೇಲೆ ಪ್ರಮೋಷನ್ನೂ ಅವನಿಗೇ. ಮ್ಯಾನೇಜರ್ ಮದುವೆಗೆ ಬಂದು ಎರಡೆರಡು ಸಲ ಹೋಳಿಗೆ ಹಾಕಿಸಿಕೊಂಡರು.

ಇಲ್ಲಿ ಹಾಗೆ ನನ್ನ ಹತ್ತಿರ ಯಾರೂ ಬಾಯಿಬಿಟ್ಟು ಹೇಳಿಲ್ಲ. ಕಾನೂನೂ ಇದೆ: ಷೇರುಪೇಟೆಯಲ್ಲಿರುವ ತೀರಾ ದೊಡ್ಡ ಕಂಪನಿಗಳ ಮೇಲ್ವಿಚಾರಣಾ ಮಂಡಳಿಗೆ 2016ರಿಂದ ಶೇ 30ರ ಮಹಿಳಾ ಕೋಟಾ. ನಮ್ಮಲ್ಲೂ 2013ರ ಕಂಪನಿ ಕಾಯ್ದೆ ಬಂದಾಗ ಲಿಸ್ಟೆಡ್ ಕಂಪನಿಗಳಿಗೆ ಒಬ್ಬ ನಿರ್ದೇಶಕಿ ಕಡ್ಡಾಯವಾಯಿತು. ಎಷ್ಟೋ ಕಡೆ ಮಾಲೀಕರ ಹೆಂಡತಿಯೋ ಮಗಳೋ ಬಂದು ಕೂತರು, ಅಷ್ಟೇ. ಆದರೆ ಬೋರ್ಡಿನ ಕುರ್ಚಿ ನಿಮಗೂ ನನಗೂ ತುಂಬಾ ದೂರ. ನಾವು ಸಿಕ್ಕಿಹಾಕಿಕೊಳ್ಳುವುದು ಮಗು ಆದಮೇಲೆ.

ಬೆಂಗಳೂರಿನಲ್ಲಿ 26 ವಾರ ಹೆರಿಗೆ ರಜೆ, ಆಮೇಲೆ ಅಮ್ಮ, ಅತ್ತೆ, ಕೆಲಸದವರು, ಯಾರಾದರೂ ಇರುತ್ತಾರೆ. ಇಲ್ಲಿ ಒಂದು ಮಗುವಿಗೆ ಮೂರು ವರ್ಷದ ತನಕ ರಜೆ ತಗೊಳ್ಳಬಹುದು, ಅಪ್ಪನೂ ತಗೊಳ್ಳಬಹುದು. ಕೇಳಲು ಚೆಂದ. ಆದರೆ ನನ್ನ ಮಗಳ ಕೀಟಾ, ಅಂದರೆ ಶಿಶುವಿಹಾರ, ನಾಲ್ಕಕ್ಕೆ ಬಾಗಿಲು ಹಾಕುತ್ತಿತ್ತು, ಶುಕ್ರವಾರ ಮೂರಕ್ಕೇ. ಸುಮ್ನೆ ಒಂದು ವರ್ಷ ಅಂತ ಪಾರ್ಟ್‌ಟೈಮ್‌ಗೆ ಇಳಿದೆ. ನಾಲ್ಕು ವರ್ಷ ಅಲ್ಲೇ ಉಳಿದೆ. ಇಲ್ಲಿ ಪಾರ್ಟ್‌ಟೈಮ್‌ನಲ್ಲಿ ಹೆಂಗಸರೇ ಜಾಸ್ತಿ. ಮಗುವನ್ನು ಬೇಗ ಬಿಟ್ಟು ಕೆಲಸಕ್ಕೆ ಹೋದ ತಾಯಿಯನ್ನು ಆಡಿಕೊಳ್ಳಲು ಜರ್ಮನ್‌ನಲ್ಲಿ ಒಂದು ಪದವೇ ಇದೆ: ರಾಬೆನ್‌ಮುಟ್ಟರ್, ಕಾಗೆ ತಾಯಿ. ಕೋಗಿಲೆ ಮರಿಯನ್ನೂ ಸಾಕುವ ಕಾಗೆಗೆ ಈ ಅಪವಾದ ಯಾಕೋ!

ಇನ್ನು ಭಾಷೆ. ನಮ್ಮ ಮೀಟಿಂಗೆಲ್ಲ ಇಂಗ್ಲಿಷಿನಲ್ಲಿ. ತೀರ್ಮಾನ ಮಾತ್ರ ಕಾಫಿ ಮಷೀನ್ ಪಕ್ಕ, ಜರ್ಮನ್‌ನಲ್ಲಿ. ನಾನು ಕಪ್ ಹಿಡಿದು ಹೋದರೆ, ಪಾಪ, ನನಗೋಸ್ಕರ ಇಂಗ್ಲಿಷಿಗೆ ತಿರುಗಿ ಮಳೆ ಬಿಸಿಲಿನ ಮಾತಾಡುತ್ತಿದ್ದರು. ನನಗೆ ಆರು ಜನರ ತಂಡ ಸಿಕ್ಕಿದ್ದು ಆ ಮೂಲೆಯಲ್ಲಿ ಜರ್ಮನ್‌ನಲ್ಲೇ ವಾದ ಮಾಡಲು ಕಲಿತಮೇಲೆ.

ಆಫರ್‌ಗೆ ಸಹಿ ಹಾಕುವ ಮುಂಚೆ ಒಂದು ಮಾತು ಕೇಳಿ: ನಿಮ್ಮಲ್ಲಿ ಪಾರ್ಟ್‌ಟೈಮ್ ಮಾಡುತ್ತಲೇ ಮ್ಯಾನೇಜರ್ ಆಗಿರುವವರು ಇದ್ದಾರಾ? ತಡವರಿಸಿದರೆ ಅರ್ಥ ಮಾಡಿಕೊಳ್ಳಿ. ಜರ್ಮನ್ ಮಾತ್ರ ಈಗಲೇ ಶುರು ಮಾಡಿ. ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನಕ್ಕೆ ವಿಜಯನಗರದಿಂದ ನೇರಳೆ ಮೆಟ್ರೋ ಇದೆ, ಎಲ್ಲೂ ಬದಲಾಯಿಸಬೇಕಾಗಿಲ್ಲ.