ಹೊಂಗೆ ಎಣ್ಣೆಯನ್ನು ಸೀದಾ ಡೀಸೆಲ್ ಪಂಪ್‌ಸೆಟ್‌ಗೆ ಹಾಕಬಹುದಾ?

ಬೇಡ. ಗಾಣದ ಎಣ್ಣೆ ಡೀಸೆಲ್‌ಗಿಂತ ತುಂಬಾ ಮಂದ, ಎಂಜಿನ್ ಒಳಗೆ ಇಂಧನ ಚಿಮ್ಮಿಸುವ ಇಂಜೆಕ್ಟರ್ ಬಾಯಿಗೆ ಮಸಿ ಕಟ್ಟುತ್ತದೆ. ಮೊದಲು ಬಯೋಡೀಸೆಲ್ ಮಾಡಬೇಕು. 100 ಲೀಟರ್ ಎಣ್ಣೆಗೆ ಸುಮಾರು 20 ಲೀಟರ್ ಮೆಥನಾಲ್, ಸ್ವಲ್ಪ ಕಾಸ್ಟಿಕ್ ಸೋಡಾ. 60 ಡಿಗ್ರಿ ಶಾಖದಲ್ಲಿ ಚೆನ್ನಾಗಿ ಕಲಕಿ ಬಿಟ್ಟರೆ ಗ್ಲಿಸರಿನ್ ಬೆಲ್ಲದ ಪಾಕದ ಹಾಗೆ ತಳಕ್ಕಿಳಿಯುತ್ತದೆ. ಮೇಲೆ ನಿಲ್ಲುವುದೇ ಬಯೋಡೀಸೆಲ್. ಅದನ್ನು ನೀರಲ್ಲಿ ತೊಳೆದು, ತೇವ ಪೂರ್ತಿ ಹೋಗುವಂತೆ ಕಾಯಿಸಬೇಕು. ಹಳೇ ಬೀಜದ ಎಣ್ಣೆಯಲ್ಲಿ ಆಮ್ಲ ಜಾಸ್ತಿ. ಅದನ್ನು ಮೊದಲು ಇಳಿಸದೆ ಸೋಡಾ ಹಾಕಿದರೆ ಸಿಗುವುದು ಸೋಪು, ಅಷ್ಟೇ!

ಮೆಥನಾಲ್ ವಿಷ, ಬೆಂಕಿಯೂ ಬೇಗ ಹತ್ತುತ್ತದೆ. ಮನೆಯಲ್ಲಿ ಸುಮ್ನೆ ಪ್ರಯೋಗ ಮಾಡಬೇಡಿ. ಹಾಸನದವರಿಗೆ ಮಡೆನೂರಿನಲ್ಲೇ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಪಾರ್ಕ್ ಇದೆಯಲ್ವಾ, ಅಲ್ಲಿ ವಿಚಾರಿಸಿ. ಬಳಸುವಾಗ ಡೀಸೆಲ್ ಜೊತೆ ಬಯೋಡೀಸೆಲ್ ಶೇ. 20ರವರೆಗೆ ಬೆರೆಸಿದರೆ ಸಾಕು. ಹಳೇ ಎಂಜಿನ್ನಿನ ರಬ್ಬರ್ ಪೈಪು ಮೆತ್ತಗಾಗಿದೆಯಾ ಅಂತ ನೋಡುತ್ತಿರಿ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯನ್ನು ತೆಂಗಿನ ಬುಡಕ್ಕೆ ಹಾಕಿ.